ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬೇಕಿತ್ತೇ?

"ಅಷ್ಟು ಚಿಕ್ಕ ಮಗುವನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೋಗುವ ಅಗತ್ಯವೇನಿತ್ತು?" ಈ ಪ್ರಶ್ನೆಯನ್ನು ಕಳೆದ ಒಂದು ತಿಂಗಳಲ್ಲಿ ನಾನು ಕನಿಷ್ಠ ಏಳೆಂಟು ಜನರ ಬಾಯಿಂದ ಕೇಳಿದ್ದೇನೆ. ಕೇಳಿದವರಲ್ಲಿ ನನ್ನ ಅಕ್ಕನಿದ್ದಾಳೆ, ನಮ್ಮ ಭಾವನವರಿದ್ದಾರೆ, ಬೆಂಗಳೂರಿನಲ್ಲಿಯೇ ಸಂಸಾರ ಹೂಡಿರುವ ನನ್ನ ಇಬ್ಬರು ಹಳೆಯ ವಿದ್ಯಾರ್ಥಿನಿಯರೂ ಇದ್ದಾರೆ. ಎಲ್ಲರದೂ ಪ್ರೀತಿಯ ಮಾತೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಪ್ರೀತಿಯ ಒಳಗೆ ಒಂದು ತೀರ್ಪು ಅಡಗಿ ಕುಳಿತಿದೆ. ನಗರ ಇರುವುದೇ ಹಾಗೆ, ಅದು ಬದಲಾಗುವಂಥದ್ದಲ್ಲ, ಬದಲಾಗಬೇಕಾದದ್ದು ಮಗು ಮತ್ತು ಮಗುವನ್ನು ಎತ್ತಿಕೊಂಡ ತಾಯಿ ಎಂಬ ತೀರ್ಪು. ನನ್ನ ತಕರಾರು ಇರುವುದು ಈ ತೀರ್ಪಿನ ಮೇಲೆ.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಗ, ಸೊಸೆ, ನಮ್ಮ ಯಜಮಾನರು, ನಾನು ಮತ್ತು ಇಪ್ಪತ್ತೆರಡು ತಿಂಗಳ ಮೊಮ್ಮಗಳು ಸಾಗರದಿಂದ ರಾತ್ರಿಯ ರೈಲಿನಲ್ಲಿ ಹೊರಟು ಬೆಂಗಳೂರಿನಲ್ಲಿ ಮೂರು ದಿನ ಇದ್ದು ಬಂದೆವು. ಒಂದು ಗೃಹಪ್ರವೇಶ, ಬಂಧುಗಳ ಭೇಟಿ, ಉಳಿದ ಸಮಯದಲ್ಲಿ ಊರು ನೋಡುವುದು. ಅಷ್ಟೇ.

ಗಣಿತ ಕಲಿಸಿದವಳಿಗೆ ಅಳೆಯುವ ಚಾಳಿ ಸಾಯುವ ತನಕ ಬಿಡುವುದಿಲ್ಲವೆಂದು ಕಾಣುತ್ತದೆ. ನಾವು ಉಳಿದುಕೊಂಡಿದ್ದ ಬಡಾವಣೆಯ ಮುಖ್ಯರಸ್ತೆಯಲ್ಲಿ ಕಾಲುದಾರಿಯ ಅಂಚು ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಗೇಣು ಹಾಕಿ ನೋಡಿದೆ. ಒಂದು ಕಡೆ ಸರಿಯಾಗಿ ಎರಡು ಗೇಣು, ಅಂದರೆ ಸುಮಾರು 45 ಸೆಂಟಿಮೀಟರ್. ಮೊಮ್ಮಗಳ ಎತ್ತರ 82 ಸೆಂಟಿಮೀಟರ್. ನಮ್ಮ ಮನೆಯ ಬಾಗಿಲಿನ ಚೌಕಟ್ಟಿನ ಮೇಲೆ ಗುರುತು ಹಾಕಿಟ್ಟಿದ್ದೇವೆ. ತನ್ನ ಎತ್ತರದ ಅರ್ಧಕ್ಕಿಂತ ಹೆಚ್ಚಿನ ಮೆಟ್ಟಿಲನ್ನು ಅವಳು ಹತ್ತಬೇಕು. ಐದೂವರೆ ಅಡಿಯ ಗಂಡಸಿಗೆ ಇದೇ ಪ್ರಮಾಣದಲ್ಲಿ ಮೆಟ್ಟಿಲು ಕಟ್ಟುವುದಾದರೆ ಅದು ಮೂರು ಅಡಿಯ ಗೋಡೆಯಾಗುತ್ತದೆ. ತನ್ನ ಕಚೇರಿಯ ಬಾಗಿಲಲ್ಲಿ ದಿನವೂ ಮೂರು ಅಡಿಯ ಗೋಡೆ ಹತ್ತಿ ಇಳಿಯಬೇಕಾಗಿ ಬಂದರೆ ಯಾವ ಅಧಿಕಾರಿ ಸುಮ್ಮನಿರುತ್ತಾನೆ?

ಇದಕ್ಕೆ ನಿಯಮವಿಲ್ಲವೆಂದು ತಿಳಿಯಬೇಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಪಾದಚಾರಿಗಳ ಅನುಕೂಲಕ್ಕಾಗಿಯೇ ಪ್ರಕಟಿಸಿದ ಮಾರ್ಗಸೂಚಿ 2012ರಲ್ಲಿಯೇ ಹೇಳಿದೆ: ಅಂಚಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು, ನಡೆಯಲು ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ನಾನು ಕಂಡ ಅಂಚು ಅದರ ಮೂರು ಪಟ್ಟು. ಅಗಲದ ವಿಚಾರ ಕೇಳಲೇಬೇಡಿ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಮುಂದೆ ಸಾಲಾಗಿ ನಿಲ್ಲಿಸಿದ ದ್ವಿಚಕ್ರವಾಹನಗಳು, ಅದರ ಮುಂದೆ ಎದ್ದು ನಿಂತ ಚಪ್ಪಡಿ, ಚಪ್ಪಡಿಯ ಪಕ್ಕದಲ್ಲಿ ಮಗುವಿನ ಕಾಲು ಸಲೀಸಾಗಿ ಇಳಿಯುವಷ್ಟು ಸಂದು, ಕೆಳಗೆ ಚರಂಡಿ. ಇಷ್ಟರ ನಡುವೆ ಉಳಿದ ಜಾಗದಲ್ಲಿ ಸಿಗ್ನಲ್ ತಪ್ಪಿಸಲು ಕಾಲುದಾರಿಯ ಮೇಲೆಯೇ ಏರಿ ಬರುವ ಬೈಕಿನವರು, ಮಗುವನ್ನು ಕಂಡು ಹಾರ್ನ್ ಮಾಡುತ್ತಾರೆ! ಪಾದಚಾರಿಗೆ ಅಡೆತಡೆಯಿಲ್ಲದ ಕಾಲುದಾರಿ ದೊರೆಯುವುದು ಸಂವಿಧಾನದ 21ನೆಯ ವಿಧಿಯ ಅಡಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ ಹೇಳಿತು. ಹಕ್ಕು ಕಾಗದದ ಮೇಲಿದೆ. ಚಪ್ಪಡಿ ಇನ್ನೂ ಎದ್ದೇ ನಿಂತಿದೆ.

ಈ ಮಾತು ಬಂದಾಗಲೆಲ್ಲ ಕೆಲವರು ಥಟ್ಟನೆ ಬೀದಿ ವ್ಯಾಪಾರಿಗಳ ಕಡೆ ಬೆರಳು ತೋರಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಅವರಿಗೆ ಸ್ಥಳ ಗುರುತಿಸಿ ಕೊಡುವ ಹೊಣೆ ಆಡಳಿತದ್ದು. ಆ ಮೂರು ದಿನಗಳಲ್ಲಿ ಬೀದಿಯಲ್ಲಿ ನಮ್ಮ ಮಗುವಿಗಾಗಿ ಜಾಗ ಬಿಟ್ಟುಕೊಟ್ಟವರು ಯಾರಾದರೂ ಇದ್ದರೆ ಅದು ಬಾಳೆಹಣ್ಣು ಮಾರುವ ಹೆಂಗಸು ಒಬ್ಬಳೇ. ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಕೂತ್ಕೊಳ್ಳಿ ಅಮ್ಮ, ಕೂಸಿಗೆ ಬಿಸಿಲು" ಎಂದಳು. ಅಲ್ಲೇ ನಿಂತಿದ್ದ ಕಾರು ಯಾರಿಗೂ ಸರಿದು ಕೊಡಲಿಲ್ಲ.

ಇನ್ನೊಂದು ವಿಷಯ, ನಾವು ನೆಟ್ಟಗೆ ನಿಂತವರಿಗೆ ಹೊಳೆಯುವುದಿಲ್ಲ. ಸಿಗ್ನಲ್ಲಿನಲ್ಲಿ ರಸ್ತೆ ದಾಟಲು ಕಾಯುತ್ತಿದ್ದಾಗ ನಾನು ಮಗುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಅವಳ ಮುಖದ ಮಟ್ಟದಿಂದ ನಗರ ಹೇಗೆ ಕಾಣುತ್ತದೆ ಗೊತ್ತೇ? ಸೈಲೆನ್ಸರುಗಳು ಮತ್ತು ಚಕ್ರಗಳು. ಹೊಗೆ ನಮಗೆ ಎದೆಯ ಕೆಳಗೆ ಹಾದುಹೋದರೆ ಅವಳಿಗೆ ನೇರವಾಗಿ ಮೂಗಿಗೇ ಬರುತ್ತದೆ. ದೊಡ್ಡವರಿಗಿಂತ ವೇಗವಾಗಿ ಉಸಿರಾಡುವ ಜೀವ ಅದು.

ಎರಡನೆಯ ದಿನದ ಮಾತನ್ನು ಹೇಳದೆ ಬಿಡಲಾರೆ. ಮಧ್ಯಾಹ್ನ ಊಟಕ್ಕೆಂದು ಒಂದು ದೊಡ್ಡ ಹೋಟೆಲಿಗೆ ಹೋದೆವು, ಹೆಸರು ಬೇಡ. ಮಗು ಹಾಲಿಗಾಗಿ ರಚ್ಚೆ ಹಿಡಿಯಿತು. ಮೂಲೆಯಲ್ಲಿ ಗೋಡೆಯ ಕಡೆ ಮುಖಮಾಡಿ ಸೆರಗು ಹೊದ್ದು ಕುಳಿತ ಸೊಸೆಯ ಬಳಿ ಅಲ್ಲಿಯ ಮೇಲ್ವಿಚಾರಕರು ಬಂದು, ಬಹಳ ವಿನಯದಿಂದಲೇ, "ಮೇಡಂ, ಅದಕ್ಕೆ ವಾಷ್‌ರೂಮ್ ಉಪಯೋಗಿಸಬಹುದು" ಎಂದರು. ಸುತ್ತಲಿನವರು ಉಣ್ಣುತ್ತಲೇ ಇದ್ದರು. ನನ್ನ ಸೊಸೆ ಜಗಳಗಂಟಿಯಲ್ಲ, ಎದ್ದು ಹೊರಟಳು. ನಾನು ಅವಳನ್ನು ಅಲ್ಲಿಯೇ ಕೂರಿಸಿ, ಆ ಮಹನೀಯರನ್ನು ಕೇಳಿದೆ: "ನಿಮ್ಮ ಊಟದ ತಟ್ಟೆಯನ್ನು ಶೌಚಾಲಯಕ್ಕೆ ತೆಗೆದುಕೊಂಡು ಹೋಗುತ್ತೀರಾ?" ಅವರ ಬಳಿ ಉತ್ತರವಿರಲಿಲ್ಲ. ಪಾಪ, ನೌಕರಿಯವರು, ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದರು. ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸಲು ಪ್ರತ್ಯೇಕ ಕೊಠಡಿ ಇರಬೇಕೆಂಬ ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ಇದೇ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಅವುಗಳ ಹೊಣೆಯನ್ನು ನೆನಪಿಸಿದೆ. ಕೊಠಡಿ ಆಗಲಿ, ಒಳ್ಳೆಯದೇ. ಆದರೆ ಕೊಠಡಿ ಇಲ್ಲದ ಕಡೆ ತಾಯಿ ಅಪರಾಧಿಯಂತೆ ಏಳಬೇಕೆಂಬ ನಿಯಮ ಎಲ್ಲಿಂದ ಬಂತು? ನಮ್ಮ ಅಜ್ಜಿಯಂದಿರು ಜಗುಲಿಯ ಮೇಲೆ, ಜಾತ್ರೆಯ ಚಪ್ಪರದಲ್ಲಿ, ಎತ್ತಿನ ಗಾಡಿಯಲ್ಲಿ ಹಾಲೂಡಿಸಿದವರು. ಯಾರಿಗೂ ಅದೊಂದು ಸುದ್ದಿಯಾಗಿರಲಿಲ್ಲ.

ಒಳ್ಳೆಯದನ್ನು ಒಳ್ಳೆಯದೆಂದು ಹೇಳದಿದ್ದರೆ ಅನ್ಯಾಯವಾದೀತು. 2011ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ ಮೆಟ್ರೋ ನಮ್ಮಂಥವರ ಪಾಲಿಗೆ ವರವೇ ಸರಿ. ಲಿಫ್ಟ್ ಇದೆ, ಇಳಿಜಾರು ಇದೆ, ನೆಲ ಸಮನಾಗಿದೆ. ಮೂರು ಅಡಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ. ಇಡೀ ನಗರದಲ್ಲಿ ಮಗುವಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡ ವ್ಯವಸ್ಥೆ ನನಗೆ ಕಂಡದ್ದು ಇದೊಂದೇ. ಲಾಲ್‌ಬಾಗಿನ 240 ಎಕರೆಯಲ್ಲಿ ಮಗು ಮೊದಲ ಬಾರಿಗೆ ಯಾರ ಕೈಯನ್ನೂ ಹಿಡಿಯದೆ ಓಡಿತು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ ಎಂದು ನಾನು ಹಳೆಯ ಅಭ್ಯಾಸದಂತೆ ಪಾಠ ಶುರುಮಾಡಿದರೆ, ಅವಳು ಉದುರಿದ ಕಾಯಿಗಳನ್ನು ಆರಿಸಿ ತಾತನ ಜೇಬಿಗೆ ತುಂಬುತ್ತಿದ್ದಳು. ಅರ್ಧ ದಿನ ಅಲ್ಲಿಯೇ ಕಳೆಯಿತು. ಆದರೆ ಒಂದು ಹಸಿರು ತೋಟದಿಂದ ಇನ್ನೊಂದಕ್ಕೆ ತಲುಪುವ ದಾರಿಯೂ ನಗರವೇ ಅಲ್ಲವೇ? ಬೀದಿಗಳನ್ನು ವಾಹನಗಳಿಗೆ ಬರೆದುಕೊಟ್ಟು ಮಕ್ಕಳನ್ನು ಬೇಲಿಯ ಒಳಗೆ ಬಿಡುವುದಾದರೆ ಅದು ದೊಡ್ಡಿ. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟಿದ್ದರು. ಆಗ ನಗರವೇನೂ ಮುಳುಗಿಹೋಗಲಿಲ್ಲ.

ಬಂಧುಗಳು ಕೊಟ್ಟ ಸಲಹೆ ಒಂದೇ: "ಮಾಲ್‌ಗೆ ಹೋಗಿಬಿಡಿ, ಅಲ್ಲಿ ಮಗು ಆರಾಮಾಗಿ ಓಡಾಡುತ್ತೆ." ನಿಜ, ಓಡಾಡುತ್ತದೆ. ಕೊಳ್ಳುವವರ ಮಗುವಿಗೆ ಮಾತ್ರ ನುಣುಪು ನೆಲ ಎಂಬುದನ್ನು ನಾವು ಇಷ್ಟು ಸುಲಭವಾಗಿ ಒಪ್ಪಿಕೊಂಡೆವಲ್ಲ, ಅದೇ ನನಗೆ ಸೋಜಿಗ. ಆ ಮಾಲ್‌ಗಳನ್ನೂ ಮೆಟ್ರೋ ಕಂಬಗಳನ್ನೂ ಕಟ್ಟಲು ಯಾದಗಿರಿ, ರಾಯಚೂರುಗಳಿಂದ ಬಂದ ಕೂಲಿಕಾರರ ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮಲಗಿರುತ್ತವೆ. ನಾವು ಮೂರು ದಿನದ ಮೇಲೆ ರೈಲು ಹತ್ತಿದೆವು. ಅವರಿಗೆ ವಾಪಸ್ ರೈಲಿಲ್ಲ. "ಇದೆಲ್ಲ ಉಳ್ಳವರ ಗೊಣಗಾಟ" ಎನ್ನುವ ಭಾವನವರು ಈ ಮಕ್ಕಳನ್ನು ಒಮ್ಮೆ ನೋಡಲಿ.

"ಎರಡು ವರ್ಷದ ಮಗುವಿಗೆ ಏನು ನೆನಪಿರುತ್ತೆ?" ಎಂಬುದು ಅಕ್ಕನ ಇನ್ನೊಂದು ಬಾಣ. ನೆನಪಿರದಿದ್ದರೆ ವ್ಯರ್ಥ ಎಂದಾದರೆ ನಾವು ಅದಕ್ಕೆ ತಿನ್ನಿಸಿದ ತುತ್ತೂ ಹಾಡಿದ ಜೋಗುಳವೂ ವ್ಯರ್ಥವೇ. ಮೆಟ್ರೋ ಕಿಟಕಿಗೆ ಮೂಗು ಒತ್ತಿಕೊಂಡು "ಮನೆ, ಮನೆ, ಮನೆ" ಎಂದು ಎಣಿಸಿದ ಆ ಇಪ್ಪತ್ತು ನಿಮಿಷ ಅವಳದು. ನೆನಪಿನ ಪರೀಕ್ಷೆಗೆಂದು ಅವಳು ಅದನ್ನು ಅನುಭವಿಸಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಾದವರು, ಗುತ್ತಿಗೆದಾರರಾದವರು ಇದ್ದೀರಿ. ಒಬ್ಬಿಬ್ಬರು ಬೆಂಗಳೂರಿನ ರಸ್ತೆ ಕಾಮಗಾರಿಗಳಲ್ಲಿಯೇ ಇದ್ದೀರೆಂದು ಕೇಳಿದ್ದೇನೆ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಿವೆ. ಫಲಕ ಬದಲಾಯಿಸಿದವರು ಅಳತೆಪಟ್ಟಿಯನ್ನೂ ತೆಗೆಯಲಿ. ನಿಮಗೆ ಎಂಟನೆಯ ತರಗತಿಯಲ್ಲಿ ಮಿಲಿಮೀಟರ್, ಸೆಂಟಿಮೀಟರುಗಳನ್ನು ಕಲಿಸಿದ್ದು ನಾನೇ. ಮುಂದಿನ ಕಾಲುದಾರಿಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಅಂಚಿನ ಬಳಿ ಸ್ಕೇಲು ಇಟ್ಟು ನೋಡಿ. ನೂರೈವತ್ತು ದಾಟಿದ್ದರೆ ಸಹಿ ಹಾಕಬೇಡಿ. ದಸರಾ ರಜೆಗೆ ನಾವು ಮತ್ತೆ ಬರುವವರಿದ್ದೇವೆ, ಮೊಮ್ಮಗಳೂ ಜೊತೆಗಿರುತ್ತಾಳೆ.