ಸೂತ್ರ ನಮಗೆ, ಹುಡುಕಾಟ ಯಂತ್ರಕ್ಕೆ?

ಸ್ಟ್ರಾಸೆನ್ ವಿಧಾನ ಬರೆಯಿರಿ ಎಂದರೆ ಕಂಪ್ಯೂಟರ್ ಸೈನ್ಸ್ ಓದುವ ನಾವು ಏಳೂ ಸೂತ್ರಗಳನ್ನು ಕಣ್ಣು ಮುಚ್ಚಿ ಬರೆಯುತ್ತೇವೆ. ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರುವುದಿಲ್ಲ, ಆ ಮಾತು ಬೇರೆ.

ಎರಡು 2×2 ಮ್ಯಾಟ್ರಿಕ್ಸ್‌ಗಳನ್ನು ನೇರವಾಗಿ ಗುಣಿಸಿದರೆ ಎಂಟು ಗುಣಾಕಾರ ಬೇಕು. 1969ರಲ್ಲಿ ಜರ್ಮನಿಯ ಗಣಿತಜ್ಞ ಫೋಲ್ಕರ್ ಸ್ಟ್ರಾಸೆನ್ ಏಳು ಸಾಕು ಎಂದು ತೋರಿಸಿದರು. ಒಂದು ಉಳಿದರೇನು ಮಹಾ ಅನ್ನಬೇಡಿ. ದೊಡ್ಡ ಮ್ಯಾಟ್ರಿಕ್ಸನ್ನು ತುಂಡು ಮಾಡುತ್ತ ಹೋದಂತೆ ಉಳಿತಾಯ ಬೆಳೆಯುತ್ತದೆ. 4×4ಕ್ಕೆ 64ರ ಬದಲು 49 ಸಾಕು. ಆದರೆ ಇಂಥದ್ದೊಂದು ದಾರಿಯನ್ನು ಹುಡುಕುವುದು ಹೇಗೆ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಡೀಪ್‌ಮೈಂಡ್ ಸಂಸ್ಥೆ ಯಂತ್ರಕ್ಕೆ ಕೇಳಿತು. 2022ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆಲ್ಫಾಟೆನ್ಸರ್‌ಗೆ ಇದು ಒಬ್ಬನೇ ಆಡುವ ಆಟ. ಮುಂದಿರುವ ಅಂಕಿಗಳನ್ನೆಲ್ಲ ಸೊನ್ನೆ ಮಾಡಬೇಕು. ಪ್ರತಿ ನಡೆಯೂ ಒಂದು ಗುಣಾಕಾರ, ಪ್ರತಿ ನಡೆಗೂ ಒಂದು ಅಂಕ ಕಳೆತ. ಸೋತು ಸೋತು ಕಲಿಯುವ ಈ ಕ್ರಮಕ್ಕೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎನ್ನುತ್ತಾರೆ. ಹೀಗೆ ಆಡುತ್ತ ಅದು 4×4ಕ್ಕೆ 47 ಗುಣಾಕಾರದ ದಾರಿ ಕಂಡುಕೊಂಡಿತು. ಬರೀ 0 ಮತ್ತು 1ರ ಲೆಕ್ಕದಲ್ಲಿ ಮಾತ್ರ, ನಮ್ಮ ಮಾಮೂಲಿ ಸಂಖ್ಯೆಗಳಿಗೆ ಅದು ಹೊಂದುವುದಿಲ್ಲ.

ಬಾರ್ಕೂರಿನ ಗೆಳೆಯನಿಗೆ ಇದನ್ನು ಹೇಳಿದರೆ, "ಎಲ್ಲ ಕಂಪ್ಯೂಟ್ರೇ ಹುಡ್ಕಿರೆ ನಾವ್ ಓದೂದ್ ಎಂತಕ್ಕ್ ಮಾರಾಯಾ?" ಎಂದ. ತಮಾಷೆಗೆ ಕೇಳಿದ್ದಲ್ಲ, ನಮ್ಮ ಬ್ಯಾಚಿನ ಅರ್ಧ ಜನರಿಗೆ ಇದೇ ಭಯ. ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. 0 ಮತ್ತು 1ರ ಅದೇ ಲೆಕ್ಕದಲ್ಲಿ 5×5ಕ್ಕೆ ಆಲ್ಫಾಟೆನ್ಸರ್ 96ಕ್ಕೆ ಇಳಿದಿತ್ತು. ಆಸ್ಟ್ರಿಯಾದ ಲಿಂಟ್ಸ್ ವಿಶ್ವವಿದ್ಯಾಲಯದ ಮಾನುವೆಲ್ ಕೌವರ್ಸ್ ಮತ್ತು ಯಾಕೋಬ್ ಮೂಸ್‌ಬಾವರ್ ಆ ಉತ್ತರವನ್ನೇ ಹಿಡಿದುಕೊಂಡು ಕೆಲವೇ ದಿನಗಳಲ್ಲಿ 95ಕ್ಕೆ ಇಳಿಸಿದರು. ಅವರೂ ಕಂಪ್ಯೂಟರ್ ಬಳಸಿದವರೇ. ಆದರೆ ಎಲ್ಲಿ ಅಗೆಯಬೇಕೆಂದು ಅವರಿಗೆ ಗೊತ್ತಿತ್ತು. ಸೂತ್ರ ಬಾಯಿಪಾಠ ಮಾಡಿದವರಿಗೆ ಅದು ಗೊತ್ತಾಗದು.

ನನ್ನ ಬೇಡಿಕೆ ಸಣ್ಣದು. ಲ್ಯಾಬಿನಲ್ಲಿ ಒಂದು ವಾರ ರೆಕಾರ್ಡ್ ನಕಲು ಮಾಡುವುದನ್ನು ಬಿಟ್ಟು, ಏಳು ಗುಣಾಕಾರದ ದಾರಿಯನ್ನು ನಾವೇ ಪ್ರೋಗ್ರಾಂ ಬರೆದು ಹುಡುಕೋಣ. 2×2ಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಸ್ಟ್ರಾಸೆನ್ ವಿಧಾನದಲ್ಲಿ ಕೂಡುವ, ಕಳೆಯುವ ಲೆಕ್ಕ 4ರಿಂದ 18ಕ್ಕೆ ಏರುತ್ತದೆ. ಹಾಗಾಗಿ ಸಣ್ಣ ಮ್ಯಾಟ್ರಿಕ್ಸ್‌ಗಳಲ್ಲಿ ಹಳೆಯ ವಿಧಾನವೇ ಚುರುಕು. ಹಾಗಾದರೆ ನಮ್ಮ ಲ್ಯಾಬಿನ ಹಳೆ ಕಂಪ್ಯೂಟರಿನಲ್ಲಿ ಯಾವ ಗಾತ್ರದಿಂದ ಲಾಭ ಶುರುವಾಗುತ್ತದೆ? ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ, ಅಳೆದೇ ನೋಡಬೇಕು.