ಫೋರ್ಕ್ ಉಜ್ಜೋ ಮುಂಚೆ ಗಾಲಿ ಕಡೆ ನೋಡ್ರಿ

ನಮ್ಮ ಕಡೆ ಮೆಕ್ಕೆಜೋಳದ ಎಡೆಗೆ ಸೈಕಲ್ ಕುಂಟೆ ಇಟ್ಟುಕೊಂಡವರು ಜಾಸ್ತಿ ಆಗಿದ್ದಾರೆ. ಒಳ್ಳೇದೇ. ಎತ್ತಿಲ್ಲದ, ಒಂದೆರಡು ಎಕರೆಯವನಿಗೆ ಅದು ಕೈಗೆಟುಕೋ ಸಾಧನ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡ್ತಾ ಬಂದ ಸೈಕಲ್‌ಗಳು ಎಷ್ಟೋ ಹಿತ್ತಲಲ್ಲಿ ತುಕ್ಕು ಹಿಡೀತಿದ್ವು, ಅವಕ್ಕೂ ಒಂದು ಗತಿ ಆಯ್ತು. ಆದರೆ ರಿಮ್ ಹೋದಮೇಲೆ ಏನು ಮಾಡ್ತೀವಿ? ಹುಡುಗರ ಎಂಟಿಬಿ ಸೈಕಲ್ಲಿನ ಮುಂದಿನ ಗಾಲಿ ತಂದು ಹಳೇ ಫೋರ್ಕಿಗೆ ತುರುಕ್ತೀವಿ. ಕೂರಲ್ಲ. ಆಗ ಅರ ತಗೊಂಡು ಫೋರ್ಕಿನ ಸೀಳು ಉಜ್ಜೋದು, ಸಲಾಕೆ ಹಾಕಿ ಕಾಲು ಅಗಲಿಸೋದು. ಇದು ಉಲ್ಟಾ ಕೆಲಸ ಅನ್ನೋದು ನನ್ನ ವಾದ. ಆಕ್ಸಲ್ ಬದಲಾಯಿಸೋ ಸಾಮಾನು, ಸೈಕಲ್ ಅಂಗಡೀಲಿ ಕಡಿಮೆ ದುಡ್ಡಿಗೆ ಸಿಗುತ್ತೆ. ಫೋರ್ಕ್ ಒಮ್ಮೆ ಕೆಟ್ಟರೆ ಕೆಟ್ಟಂಗೇ.

ಯಾಕೆ ಕೂರಲ್ಲ ಅಂದ್ರೆ ಎರಡು ಅಳತೆ ಬೇರೆ. ಹಳೇ ಕರಿ ಸೈಕಲ್ಲಿನ ಮುಂದಿನ ಆಕ್ಸಲ್ 5/16 ಇಂಚು, ಅಂದ್ರೆ ಹತ್ತಿರ ಹತ್ತಿರ 8 ಮಿ.ಮೀ. ಎಂಟಿಬಿದು 9 ಮಿ.ಮೀ., ಕೆಲವು 3/8 ಇಂಚು. ಇದು ದಪ್ಪದ ಮಾತು. ಇನ್ನು ಅಗಲ. ಎಂಟಿಬಿ ಹಬ್ಬು ಎರಡೂ ಕಡೆ ಲಾಕ್‌ನಟ್ಟಿನ ಹೊರಮೈ ಹಿಡಿದು ಅಳೆದರೆ 100 ಮಿ.ಮೀ. ಹಳೇ ಫೋರ್ಕಿನ ಒಳ ಅಗಲ ಅದಕ್ಕಿಂತ ಕಮ್ಮಿ, ನಮ್ಮನೇದು ಅಳೆದರೆ 92 ಬಂತು.

ದಪ್ಪಕ್ಕೆ ಪರಿಹಾರ ಸುಲಭ. ಗಟ್ಟಿ ಆಕ್ಸಲ್ ಆಗಿದ್ರೆ ಫೋರ್ಕ್ ಬಿಟ್ಟು ಆಕ್ಸಲ್ಲನ್ನೇ ಉಜ್ಜಿ. ಸೀಳಲ್ಲಿ ಕೂರೋ ಜಾಗದಲ್ಲಿ ಎದುರುಬದುರು ಎರಡು ಮುಖ, ಒಂದೊಂದು ಅರ್ಧ ಮಿ.ಮೀ. ಚಪ್ಪಟೆ ಮಾಡಿದ್ರೆ 9 ಇದ್ದದ್ದು 8 ಆಯ್ತು. ಹೋಗೋದು ಥ್ರೆಡ್ಡಿನ ತುದಿ ಅಷ್ಟೇ, ಉಳಿದ ಎರಡು ಮುಖದ ಥ್ರೆಡ್ಡು ನಟ್ಟು ಹಿಡಿಯುತ್ತೆ. ಚಪ್ಪಟೆ ಮುಖ ಎರಡೂ ತುದೀಲಿ ಒಂದೇ ದಿಕ್ಕಿಗಿರಲಿ, ಇಲ್ಲಾಂದ್ರೆ ಒಂದು ಕಡೆ ಕೂತು ಇನ್ನೊಂದು ಕಡೆ ಕೂರಲ್ಲ. ಕ್ವಿಕ್ ರಿಲೀಸ್ ಗಾಲಿ ಆದ್ರೆ ಆಕ್ಸಲ್ ಒಳಗೆ ಟೊಳ್ಳು, ಅದಕ್ಕೆ ಅರ ಮುಟ್ಟಿಸಬೇಡಿ. ಅದನ್ನ ತೆಗೆದು ಗಟ್ಟಿ ಆಕ್ಸಲ್ ಹಾಕಿಸಿ. ಹಬ್ಬನ್ನೂ ಹಳೇ ಕೋನನ್ನೂ ಅಂಗಡಿಗೆ ಒಯ್ದು ಹೋಲಿಸಿ ತಗೊಳ್ಳಿ. ಥ್ರೆಡ್ಡೂ ಕೋನಿನ ವಾಲೂ ಎರಡೂ ಹೊಂದಬೇಕು, ಇಲ್ಲಾಂದ್ರೆ ಗುಂಡು ತಿಂದುಹಾಕುತ್ತೆ.

ಅಗಲಕ್ಕೆ, ಕೋನು ಮತ್ತು ಲಾಕ್‌ನಟ್ಟಿನ ನಡುವೆ ವಾಷರ್ ಇದೆಯಾ ನೋಡಿ. ಇದ್ರೆ ಎರಡೂ ಕಡೆಯಿಂದ ಸಮ ತೆಗೀರಿ. ಒಂದೇ ಕಡೆಯಿಂದ ತೆಗೆದ್ರೆ ರಿಮ್ಮು ಫೋರ್ಕಿನ ಒಂದು ಕಾಲಿಗೆ ವಾಲುತ್ತೆ. ಇಷ್ಟಾದಮೇಲೂ ನಾಲ್ಕೈದು ಮಿ.ಮೀ. ಉಳಿದ್ರೆ ಕುಂಟೆಯ ಉಕ್ಕಿನ ಫೋರ್ಕ್ ಅಷ್ಟು ಅಗಲಿಸಬಹುದು. ಅಲ್ಯೂಮಿನಿಯಂ, ಶಾಕ್ ಇರೋ ಫೋರ್ಕ್ ಅಗಲಿಸೋ ಮಾತೇ ಬೇಡ. ಇನ್ನೊಂದು, 28 ಇಂಚಿನ ಜಾಗಕ್ಕೆ 26 ಇಂಚಿನ ಗಾಲಿ ಬಂದ್ರೆ ಮುಂದುಗಡೆ ಸುಮಾರು ಒಂದು ಇಂಚು ತಗ್ಗುತ್ತೆ. ಕುಡದ ಬೋಲ್ಟ್ ಮೇಲೆ ಏರಿಸದಿದ್ರೆ ಎರಡು ಸಾಲು ಮುಗಿಸೋ ಹೊತ್ತಿಗೆ ತೋಳು ಬಿದ್ದುಹೋಗುತ್ತೆ.

ಇದೆಲ್ಲ ಹೊಲದ ಮಾತು. ಹೊಲದಲ್ಲಿ ಗಾಲಿ ಕಳಚಿದ್ರೆ ಬೈಕೊಂಡು ಮತ್ತೆ ಹಾಕ್ತೀವಿ. ನನಗೆ ಚಿಂತೆ ಹಚ್ಚಿರೋದು ಇದೇ ಚಾಳಿ ರಸ್ತೆ ಸೈಕಲ್ಲಿಗೂ ಬಂದಿರೋದು. ಹೈಸ್ಕೂಲಿಗೆ ಹೋಗೋ ಹುಡುಗಿ, ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗೋ ಮುದುಕ, ಇವರ ಮುಂದಿನ ಗಾಲಿ ಬಿಚ್ಚಿಕೊಂಡ್ರೆ ಮುಖಾನೇ ಮೊದಲು ನೆಲಕ್ಕೆ. ಫೋರ್ಕಿನ ತುದೀಲಿ ಸಣ್ಣ ಏರು ಇರುತ್ತಲ್ಲ, ಇಲ್ಲಾ ಕೊಕ್ಕೆ ವಾಷರ್ರು, ಅವು ನಟ್ಟು ಸಡಿಲಾದ್ರೂ ಗಾಲಿ ಬೀಳದಂಗೆ ತಡೆಯೋಕೆ ಇರೋದು. 'ಅಡ್ಡ ಬರ್ತದೆ' ಅಂತ ಅದನ್ನೇ ಉಜ್ಜಿ ಹಾಕೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈಗ ಹುಡುಗರು ಪೇಟೆಯಿಂದ ಸೆಕೆಂಡ್ ಹ್ಯಾಂಡ್ ಶಾಕ್ ಫೋರ್ಕ್ ತರ್ತಿದ್ದಾರೆ. ಅದರಲ್ಲಿ ಕೆಲವಕ್ಕೆ ಸೀಳೇ ಇಲ್ಲ, ತೂತು. 15 ಮಿ.ಮೀ. ದಪ್ಪದ ಆಕ್ಸಲ್ ಆ ಕಾಲಿಂದ ಈ ಕಾಲಿಗೆ ತೂರಿ ಬಿಗಿಯೋದು. ಗಾಲಿಯ ಹಬ್ಬಿಗೆ ಬದಲಾಯಿಸೋ ಕ್ಯಾಪ್ ಇದ್ರೆ, ಆ ಕಂಪನಿಯದೇ 15ರ ಕ್ಯಾಪ್ ಸಿಕ್ಕಿದ್ರೆ ಸರಿ. ಮಾಮೂಲಿ ಕೋನು-ಗುಂಡಿನ ಹಬ್ಬಾದ್ರೆ ಆ ಗಾಲಿ ಬಿಡಿ, ಬೇರೆ ಗಾಲಿ ನೋಡಿ. ಲೇತಲ್ಲಿ ಬುಷ್ ಕಡಿಸಿ ಹಾಕ್ಕೊಡ್ತೀನಿ ಅಂದವರ ಮಾತು ಕೇಳಬೇಡಿ. ಅದರಲ್ಲೂ ಅಗಲ 100 ಇದೆ, 110 ಇದೆ. 110ರ ಫೋರ್ಕಲ್ಲಿ ಡಿಸ್ಕ್ ಇನ್ನೂ ಹೊರಗೆ ಕೂರಬೇಕು, ಬರೀ ವಾಷರ್ ತುಂಬಿದ್ರೆ ಬ್ರೇಕ್ ಹೊಂದಲ್ಲ. ದುಡ್ಡು ಕೊಡೋ ಮುಂಚೆ ಗಾಲೀನ ಜೊತೇಲಿ ಒಯ್ಯೋಕೆ ಹೇಳಿ ಮಕ್ಕಳಿಗೆ.

ಗಾಲಿ ಕೂರಿಸಿದ ಮೇಲೆ ನಟ್ಟಿನ ಪೂರ್ತಿ ದಪ್ಪಕ್ಕೂ ಥ್ರೆಡ್ಡು ಹಿಡಿದಿದೆಯಾ ನೋಡಿ, ರಿಮ್ಮು ಹಿಡಿದು ಅತ್ತಿತ್ತ ಅಲ್ಲಾಡಿಸಿ. ಆಟ ಇದ್ರೆ ಕೋನು ಬಿಗಿ ಮಾಡಿ, ಗರಗರ ಅಂದ್ರೆ ಸಡಿಲ ಮಾಡಿ. ಅಳೆಯೋಕೆ ವರ್ನಿಯರ್ ನಮ್ಮನೇಲಿದೆ, ಬೆಳಿಗ್ಗೆ ಹಾಲು ಹಾಕಿ ಬಂದಮೇಲೆ ಯಾವಾಗ ಬೇಕಾದ್ರೂ ಬರ್ರಿ.