ಗಡಿ ದಾಟಿದ ದುಡಿಮೆಗಾರ ಯಾವ ಊರಿನವನು?

ಹೋದ ವಾರ ಸಂತೆಯ ದಿನ ನಮ್ಮ ಕಚೇರಿಗೆ ನೇಕಾರ ಬಂಧುವೊಬ್ಬರು ಬಂದಿದ್ದರು. ಬನಹಟ್ಟಿಯ ಕಡೆಯವರು. ಊರಲ್ಲಿ ಮಗ್ಗ ನಿಂತ ಮೇಲೆ, ನಾಲ್ಕು ವರ್ಷದ ಹಿಂದೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಮಹಾರಾಷ್ಟ್ರದ ಒಂದು ಊರಿನಲ್ಲಿ ಪವರ್‌ಲೂಮ್ ಕೆಲಸಕ್ಕೆ ಸೇರಿದವರು. ಕೈಚೀಲದಿಂದ ಒಂದೊಂದೇ ಕಾಗದ ತೆಗೆದು ನಮ್ಮ ಮೇಜಿನ ಮೇಲೆ ಹರಡಿದರು: ಕರ್ನಾಟಕದ ರೇಶನ್ ಕಾರ್ಡು, ಮತದಾರರ ಗುರುತಿನ ಚೀಟಿ, ಆಧಾರ್, ಮಗಳ ಶಾಲೆಯ ಅಂಕಪಟ್ಟಿ. ಕಾಗದಕ್ಕೇನೂ ಬರವಿಲ್ಲ. ಆದರೆ ಅಲ್ಲಿನ ರೇಶನ್ ಅಂಗಡಿಯವನು “ಇದು ಬೇರೆ ರಾಜ್ಯದ ಕಾರ್ಡು” ಎಂದು ಎರಡು ಸಲ ವಾಪಸು ಕಳಿಸಿದ್ದಾನೆ. ಇತ್ತ ಊರಿನ ಮತದಾರರ ಪಟ್ಟಿಯಲ್ಲಿ “ಊರು ಬಿಟ್ಟಿದ್ದಾರೆ” ಎಂದು ಹೆಸರು ತೆಗೆದಿದ್ದಾರೆ. ಅತ್ತ ಹೋದ ಊರಿನ ಪಟ್ಟಿಯಲ್ಲಿ ಹೆಸರು ಸೇರಿಲ್ಲ, ಏಕೆಂದರೆ ಬಾಡಿಗೆ ಕೋಣೆಯ ಮಾಲೀಕ ಕರಾರು ಪತ್ರ ಬರೆದುಕೊಡಲು ಒಪ್ಪುವುದಿಲ್ಲ. ಟಿ.ಸಿ. ತರುವ ತನಕ ಸೇರಿಸಿಕೊಳ್ಳುವುದಿಲ್ಲವೆಂದು ಶಾಲೆಯವರು ಹೇಳಿದ್ದರಿಂದ ಹತ್ತು ವರ್ಷದ ಮಗಳು ಅರ್ಧ ವರ್ಷ ಮನೆಯಲ್ಲಿ ಕೂತಿದ್ದಾಳೆ.

“ಅಣ್ಣಾರ, ಅಲ್ಲಿ ಕೇಳಿದ್ರ ನಿಮ್ಮ ರಾಜ್ಯಕ್ಕ ಹೋಗು ಅಂತಾರ. ಇಲ್ಲಿ ಕೇಳಿದ್ರ ನೀ ಇಲ್ಲಿ ಇರೂದಿಲ್ಲಲ್ಲ ಅಂತಾರ. ಹಂಗಾರ ನಾ ಯಾ ಊರಾಂವ?” ಎಂದು ಅವರು ಕೇಳಿದರು.

ಇದು ಒಬ್ಬರ ಪ್ರಶ್ನೆಯಲ್ಲ. ಹುಟ್ಟಿದ ಅಥವಾ ಹಿಂದೆ ವಾಸವಿದ್ದ ರಾಜ್ಯವನ್ನು ಬಿಟ್ಟು ಬೇರೊಂದು ರಾಜ್ಯಕ್ಕೆ ಬಂದವರು 2011ರ ಜನಗಣತಿಯಲ್ಲೇ ಸುಮಾರು 5.4 ಕೋಟಿ ಜನರಿದ್ದರು. ನಮ್ಮ ಜನ ಗೋವೆಗೆ, ಮುಂಬಯಿಗೆ, ಸೊಲ್ಲಾಪುರಕ್ಕೆ ಹೋಗುತ್ತಾರೆ. ಒಡಿಶಾ, ಬಿಹಾರ, ಜಾರ್ಖಂಡದ ಹುಡುಗ ಹುಡುಗಿಯರು ನಮ್ಮ ಗಿರಣಿಗಳಿಗೆ, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬರುತ್ತಾರೆ. ಸಂವಿಧಾನದ 19ನೆಯ ವಿಧಿಯಂತೆ ಭಾರತದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ. ಪುಸ್ತಕದಲ್ಲಿ ಗಡಿ ತೆರೆದಿದೆ. ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮಾತ್ರ ಅದು ಮುಚ್ಚಿದೆ.

ರೇಶನ್ನಿನ ವಿಷಯವನ್ನೇ ನೋಡಿ. “ಒಂದು ದೇಶ, ಒಂದು ರೇಶನ್ ಕಾರ್ಡು” ಎಂಬ ವ್ಯವಸ್ಥೆ 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ದೇಶವೆಲ್ಲ ವ್ಯಾಪಿಸಿತು. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಿಗಬೇಕು. ಅದನ್ನು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು. ಮನೆಯವರಲ್ಲಿ ಕೆಲವರು ಊರಲ್ಲಿದ್ದರೆ ಅಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ ಎಂದು ಹಂಚಿಕೊಂಡೂ ತೆಗೆದುಕೊಳ್ಳಬಹುದು. ಹಾಗಾದರೆ ನಮ್ಮ ನೇಕಾರ ಬಂಧುವನ್ನು ವಾಪಸು ಕಳಿಸಿದ್ದು ಕಾನೂನಲ್ಲ, ಕಾನೂನು ತಿಳಿಯದವನ ದುಂಡಾವರ್ತಿ. ಇಂಥ ದೂರಿಗೆಂದೇ 14445 ಎಂಬ ದೂರವಾಣಿ ಸಂಖ್ಯೆಯಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಮಾತು: ಗಡಿ ದಾಟಿ ಬರುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕೊಡುವ ಹೆಚ್ಚಿನ ಪಾಲು ಗಡಿಯಲ್ಲೇ ಉಳಿಯುತ್ತದೆ. ದುಡಿಯುವವನ ಹಸಿವು ಮಾತ್ರ ಗಡಿಯಲ್ಲಿ ಉಳಿಯುವುದಿಲ್ಲ.

ಮತದ ಕಥೆ ಇದಕ್ಕಿಂತ ಕೆಟ್ಟದ್ದು. 1950ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಮನುಷ್ಯ ಸಾಮಾನ್ಯವಾಗಿ ವಾಸಿಸುವ ಕಡೆ ಅವನ ಹೆಸರು ಇರಬೇಕು, ಎರಡು ಕಡೆ ಇರಕೂಡದು. ನ್ಯಾಯವಾದ ನಿಯಮವೇ. ಆದರೆ ಇಲ್ಲಿ ತೆಗೆಯುವ ಕೈ ಚುರುಕು, ಅಲ್ಲಿ ಸೇರಿಸುವ ಕೈ ನಿಧಾನ. ನಡುವೆ ಮನುಷ್ಯ ಯಾವ ಪಟ್ಟಿಯಲ್ಲೂ ಇಲ್ಲದವನಾಗುತ್ತಾನೆ. ವಾಸ ಬದಲಿಸಿದವರು 8ನೆಯ ನಮೂನೆ ಕೊಡಬೇಕು, ಜೊತೆಗೆ ವಾಸದ ದಾಖಲೆ ಬೇಕು. ದಾಖಲೆ ಕೊಡಬೇಕಾದ ಮನೆಯ ಮಾಲೀಕ ಮನೆ ತೆರಿಗೆಗೆ ಹೆದರಿ ಕೈ ತೊಳೆದುಕೊಳ್ಳುತ್ತಾನೆ. ದೂರದಲ್ಲಿದ್ದೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಪಕ್ಷಗಳು ಒಪ್ಪಲಿಲ್ಲ, ವಿಷಯ ಅಲ್ಲಿಗೇ ನಿಂತಿತು. ಮತವಿಲ್ಲದವನ ಓಣಿಗೆ ನಲ್ಲಿ ಬರುವುದಿಲ್ಲ, ದೀಪ ಬರುವುದಿಲ್ಲ. ಕೈಮುಗಿದು ಬರುವ ಪುಢಾರಿಯೂ ಬರುವುದಿಲ್ಲ.

ಇನ್ನು ಕೆಲಸದ ಕಾಗದ. ಒಡಿಶಾದಿಂದ ಮುಂಗಡ ಕೊಟ್ಟು ಜನರನ್ನು ಸಾಗಿಸುತ್ತಿದ್ದ ದಲ್ಲಾಳಿಗಳ ಹಾವಳಿ ಮಿತಿಮೀರಿದಾಗ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಐದು ಜನ ಹೊರರಾಜ್ಯದವರಿದ್ದರೆ ಸಾಕು, ಅದು ಅನ್ವಯಿಸುತ್ತಿತ್ತು. ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ಕೂಲಿಯ ದರ, ಕೆಲಸದ ಅವಧಿ, ಕಡಿತ, ಎಲ್ಲವೂ ಅದರಲ್ಲಿ ಬರೆದಿರಬೇಕು. ಊರು ಬಿಡಿಸಿದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟನ್ನು ಸ್ಥಳಾಂತರ ಭತ್ಯೆಯಾಗಿ ಬೇರೆಯಾಗಿ ಕೊಡಬೇಕು. ಒಳ್ಳೆಯ ಕಾಯ್ದೆ. ಆದರೆ ಆ ಪಾಸ್‌ಬುಕ್ಕನ್ನು ಕಣ್ಣಾರೆ ಕಂಡ ಕಾರ್ಮಿಕರನ್ನು ನಾವು ಇಷ್ಟು ವರ್ಷಗಳಲ್ಲಿ ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಈಗ ಅದರ ಜಾಗದಲ್ಲಿ 2020ರ ಹೊಸ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆಯೆಂದು ಕೇಂದ್ರ ಸರ್ಕಾರ ಸಾರಿತು. ತಾನಾಗಿ ಬಂದು ಕೆಲಸಕ್ಕೆ ಸೇರಿದವರನ್ನೂ ಅದು ವಲಸೆ ಕಾರ್ಮಿಕರೆಂದು ಎಣಿಸುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಐದು ಇದ್ದದ್ದು ಹತ್ತಾಗಿದೆ, ಸ್ಥಳಾಂತರ ಭತ್ಯೆ ಮಾಯವಾಗಿದೆ. ಒಂಬತ್ತು ಜನರನ್ನಿಟ್ಟುಕೊಂಡ ಮಾಲೀಕ ನಿಶ್ಚಿಂತನಾಗಿ ಮಲಗಬಹುದು!

ಈ ಗೋಡೆ ಎಲ್ಲರಿಗೂ ಒಂದೇ ಎತ್ತರದ್ದೇ? ಅಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ವಾಹನ ಇಟ್ಟರೆ ಹೊಸದಾಗಿ ನೋಂದಾಯಿಸಬೇಕು, ಹಳೆಯ ಕಡೆಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ತರಬೇಕು. ಈ ತೊಂದರೆ ತಪ್ಪಿಸಲು 2021ರಲ್ಲಿ ಬಿ.ಎಚ್. ಎಂಬ ಅಖಿಲ ಭಾರತದ ನಂಬರು ಬಂತು. ಯಾರಿಗೆ? ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಅದಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ನೌಕರರಿಗೆ, ಅವರ ಸ್ವಂತ ಬಳಕೆಯ ವಾಹನಕ್ಕೆ. ತರಕಾರಿ ಸಾಗಿಸುವವನ ಗೂಡ್ಸ್ ಆಟೋಗೆ ಅದು ಇಲ್ಲ. ಜಿ.ಎಸ್.ಟಿ.ಯಲ್ಲೂ ಇದೇ ನ್ಯಾಯ. ನಿಪ್ಪಾಣಿಯ ಸಣ್ಣ ವ್ಯಾಪಾರಿ ನಮ್ಮ ರಾಜ್ಯದೊಳಗೆ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟಿನ ತನಕ ನೋಂದಣಿ ಬೇಕಿಲ್ಲ. ತೆರಿಗೆಯ ಸರಕನ್ನು ಕಣ್ಣಳತೆಯ ದೂರದಲ್ಲಿರುವ ಕಾಗಲದ ಅಂಗಡಿಗೆ ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಅಲ್ಲೇ ಅಂಗಡಿ ತೆರೆದರೆ ಆ ರಾಜ್ಯದ ನೋಂದಣಿ ಬೇರೆ. ದೊಡ್ಡ ಕಂಪನಿಗೆ ಇದನ್ನು ನೋಡಿಕೊಳ್ಳಲು ಲೆಕ್ಕಿಗರ ಪಡೆಯಿದೆ. ಸಣ್ಣವನಿಗೆ ತಾನು, ತನ್ನ ಚೋಪಡಿ, ತಿಂಗಳ ಕೊನೆಯ ತಲೆನೋವು.

ಇಷ್ಟೆಲ್ಲ ಅಡಚಣೆಯಿಂದ ಯಾರಿಗೆ ಲಾಭ? ಇದನ್ನು ಕೇಳದೆ ವಿಷಯ ಮುಗಿಯುವುದಿಲ್ಲ. ಕಾಗದವಿಲ್ಲದ ಕಾರ್ಮಿಕ ಅಗ್ಗದ ಕಾರ್ಮಿಕ. ರೇಶನ್ ಸಿಗದವನು ಮುಂಗಡಕ್ಕೆ ಕೈಯೊಡ್ಡುತ್ತಾನೆ, ಮುಂಗಡ ತೆಗೆದುಕೊಂಡವನು ಬಾಯಿ ಮುಚ್ಚುತ್ತಾನೆ. ಮತವಿಲ್ಲದವನ ದೂರನ್ನು ಯಾರೂ ಕೇಳುವುದಿಲ್ಲವೆಂದು ಮಾಲೀಕನಿಗೆ ಗೊತ್ತು. 2020ರ ಮೇ ತಿಂಗಳನ್ನು ಮರೆತಿದ್ದೇವೆಯೇ? ಸಾಂಕ್ರಾಮಿಕದ ಕಾಲದಲ್ಲಿ ಊರಿಗೆ ಹೋಗಲು ಹಂಬಲಿಸುತ್ತಿದ್ದ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನು, ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಬೆನ್ನಿಗೇ ಕರ್ನಾಟಕ ಸರ್ಕಾರ ರದ್ದು ಮಾಡಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಬರುವಾಗ ಬೇಡವಾದವನು, ಹೋಗುವಾಗ ಬೇಕಾದವನಾದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರ ಲೆಕ್ಕ ತನ್ನಲ್ಲಿಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿತು. ಬದುಕಿದ್ದಾಗ ಪಟ್ಟಿಯಲ್ಲಿಲ್ಲದವನು ಸತ್ತ ಮೇಲೂ ಪಟ್ಟಿಯಲ್ಲಿಲ್ಲ.

ನಮ್ಮ ಓದುಗರಲ್ಲಿ ಕೆಲವರು ಇಲ್ಲಿ ಹುಬ್ಬೇರಿಸುವುದು ನಮಗೆ ಕಾಣುತ್ತದೆ. “ಹೊರಗಿನವರು ಬಂದು ಕಡಿಮೆ ಕೂಲಿಗೆ ದುಡಿದರೆ ನಮ್ಮ ಮಕ್ಕಳ ಗತಿಯೇನು? ನೀವು ಅವರಿಗೆ ಕಾಗದ ಮಾಡಿಸಿಕೊಡಿ ಎನ್ನುತ್ತೀರಲ್ಲ!” ಈ ಸಂಕಟ ಸುಳ್ಳಲ್ಲ, ಅದನ್ನು ತಳ್ಳಿಹಾಕುವವರು ನಾವಲ್ಲ. ಆದರೆ ಮದ್ದು ಯಾವುದು? ಹರಿಯಾಣ ಸ್ಥಳೀಯರಿಗೆ ಶೇಕಡ 75 ಖಾಸಗಿ ಕೆಲಸವೆಂದು ಕಾನೂನು ಮಾಡಿತು; 2023ರ ನವೆಂಬರ್‌ನಲ್ಲಿ ಹೈಕೋರ್ಟು ಅದನ್ನು ರದ್ದುಗೊಳಿಸಿತು. ನಮ್ಮಲ್ಲೂ 2024ರ ಜುಲೈನಲ್ಲಿ ಅಂಥ ಮಸೂದೆಗೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದರಿದೊಡನೆ ತಡೆಹಿಡಿಯಿತು. ಬೇಲಿ ಹಾಕುವ ಮಾತಿನಿಂದ ಸ್ಥಳೀಯನ ಕೂಲಿ ಒಂದು ರೂಪಾಯಿಯೂ ಏರಲಿಲ್ಲ. ಹೊರಗಿನವನು ಕಡಿಮೆ ಕೂಲಿಗೆ ಒಪ್ಪುವುದು ಅವನು ಹೊರಗಿನವನೆಂದಲ್ಲ, ಅವನಿಗೆ ಬೇರೆ ಆಸರೆಯಿಲ್ಲವೆಂದು. ಅವನ ಕೈಯಲ್ಲಿ ರೇಶನ್ನು, ಮತ, ಕೂಲಿಯ ಪಾಸ್‌ಬುಕ್ಕು ಇದ್ದರೆ ಅವನೂ ನಿಮ್ಮಷ್ಟೇ ಕೂಲಿ ಕೇಳುತ್ತಾನೆ. ಆಗ ಅವನನ್ನು ತೋರಿಸಿ ನಿಮ್ಮನ್ನು ಹೆದರಿಸಲು ಮಾಲೀಕನಿಗೆ ಆಗುವುದಿಲ್ಲ. ಬನಹಟ್ಟಿಯ ನಮ್ಮ ಬಂಧುವೂ ಗಡಿಯಾಚೆ ಒಬ್ಬ ಹೊರಗಿನವನೇ ಎಂಬುದನ್ನು ಮರೆಯಬಾರದು.

ಇದು ಆಗದ ಕೆಲಸವೆಂದು ಅಧಿಕಾರಿಗಳು ಹೇಳಬಹುದು. ನಾವು ಒಪ್ಪುವುದಿಲ್ಲ. 2014ರಿಂದ ಭವಿಷ್ಯನಿಧಿಗೆ ಒಂದೇ ನಂಬರು ಬಂದಿದೆ. ಗಿರಣಿ ಬದಲಾದರೂ, ರಾಜ್ಯ ಬದಲಾದರೂ ಅದು ಕಾರ್ಮಿಕನ ಜೊತೆಗೇ ಹೋಗುತ್ತದೆ. ಹಣದ ಖಾತೆ ಗಡಿ ದಾಟಬಹುದಾದರೆ ಹಕ್ಕಿನ ಖಾತೆ ಏಕೆ ದಾಟಬಾರದು? 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟವಾಗಿದೆ: ಟಿ.ಸಿ. ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಬೇರೆ ರಾಜ್ಯದಿಂದ ಬಂದ ಮಗುವಾದರೂ ಸರಿ. ಆ ನೇಕಾರರ ಮಗಳು ಕಳೆದುಕೊಂಡ ಅರ್ಧ ವರ್ಷ ಕಾನೂನಿಗೆ ವಿರುದ್ಧವಾಗಿಯೇ ಕಳೆದುಹೋಯಿತು.

ಆದ್ದರಿಂದ ನಮ್ಮ ಬೇಡಿಕೆಗಳು ನೇರವಾಗಿವೆ. ಹೊಸ ಊರಿನ ಪಟ್ಟಿಗೆ ಹೆಸರು ಸೇರುವ ತನಕ ಹಳೆಯ ಊರಿನ ಪಟ್ಟಿಯಿಂದ ತೆಗೆಯಕೂಡದು. ಮನೆ ಮಾಲೀಕನ ಕರಾರು ಪತ್ರವಿಲ್ಲದಿದ್ದರೆ ಮತಗಟ್ಟೆಯ ಅಧಿಕಾರಿ ತಾನೇ ಬಂದು ನೋಡಿ ಬರೆದುಕೊಳ್ಳಬೇಕು. ವಲಸೆ ಕಾರ್ಮಿಕರಿಗೆ ಪಡಿತರವೂ, ಕಟ್ಟಡ ಕಾರ್ಮಿಕರ ಸೆಸ್ ನಿಧಿಯ ಸೌಲಭ್ಯವೂ ದುಡಿಯುವ ರಾಜ್ಯದಲ್ಲೇ ಸಿಗುವಂತೆ ಯೋಜನೆ ಮಾಡಬೇಕೆಂದು ಹೊಸ ಸಂಹಿತೆಯಲ್ಲೇ ಹೇಳಿದೆ. ಆ ಯೋಜನೆಯ ಪ್ರಯೋಜನ ಕಾರ್ಮಿಕನ ಕೈ ಸೇರಬೇಕು. ಹತ್ತು ಎಂಬುದನ್ನು ಮತ್ತೆ ಐದಕ್ಕೆ ಇಳಿಸಬೇಕು, ಸ್ಥಳಾಂತರ ಭತ್ಯೆಯನ್ನು ಮರಳಿ ತರಬೇಕು.

ಸರ್ಕಾರ ಮಾಡುವ ತನಕ ಕಾಯುವುದೂ ಬೇಡ. ಪ್ರತಿ ಗಿರಣಿಯ ಯೂನಿಯನ್ನು ಭಾನುವಾರ ಒಂದು ಗಂಟೆ ಮೇಜು ಹಾಕಿ ಕೂರಲಿ. ಓದು ಬಲ್ಲ ಒಬ್ಬರು ಹೊಸದಾಗಿ ಬಂದವರ ನಮೂನೆ ತುಂಬಿಕೊಡಲಿ. ಭಾಷೆ ಬಾರದಿದ್ದರೆ ಕೈಸನ್ನೆ ಸಾಕು. ನಮ್ಮ ವ್ಯಾಪಾರಿ ಮಿತ್ರರು ತಮ್ಮ ಅಂಗಡಿಗೆ ಬರುವ ಹೊರರಾಜ್ಯದ ಗಿರಾಕಿಗೆ ರೇಶನ್ ಅಂಗಡಿಯ ದಾರಿ ತೋರಿಸಲಿ. ಬನಹಟ್ಟಿಯ ಬಂಧುವಿಗೆ ನಾವು ಅಂದು 8ನೆಯ ನಮೂನೆ ತುಂಬಿಕೊಟ್ಟೆವು, ಶಾಲೆಗೆ ಒಂದು ಪತ್ರ ಬರೆದುಕೊಟ್ಟೆವು. ಅವರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ದುಡಿಯುವವನು ದುಡಿಯುವ ಊರಿನವನು. ಅದನ್ನು ಸರ್ಕಾರದ ಪಟ್ಟಿಯಲ್ಲಿ ಬರೆಸುವುದು ನಮ್ಮೆಲ್ಲರ ಕೆಲಸ.